ಎಲ್ಲಿಂದ ಎಲ್ಲಿಗೆ ಎಷ್ಟು ದೂರ?

*ಇಂದಿನ ಧಮ್ಮ ಚಿಂತನೆ*


ಇಂದಿನ ಚಿಂತನೆ ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ.

ಕಳೆದ ಭಾನುವಾರ ನಮ್ಮ ಮನೆಯಲ್ಲಿ ತ್ರಿಸರಣ, ಪಂಚಶೀಲ ಮುಗಿದ ಮೇಲೆ ನಾಗಪುರದ ಮಾತು ಬಂತು. ಈ ಸಲ ಅಶೋಕ ವಿಜಯದಶಮಿಗೆ ದೀಕ್ಷಾಭೂಮಿಗೆ ಹೋಗಬೇಕು ಎಂದು ಕೆಲವರ ಆಸೆ. ನನ್ನ ತಂಗಿಯ ಮಗ ಫೋನ್ ತೆಗೆದು ಬೆಂಗಳೂರು, ನಾಗಪುರ ಎಂದು ಒತ್ತಿದ. "ವಿಮಾನದಲ್ಲಿ ಹೋದರೆ ದೂರ ಸುಮಾರು 885 ಕಿಲೋಮೀಟರ್. ಹೆಚ್ಚೆಂದರೆ ಒಂದು ಗಂಟೆ ನಲವತ್ತು ನಿಮಿಷ" ಎಂದು ಓದಿ ಹೇಳಿದ.

ಮೂಲೆಯಲ್ಲಿ ಕೂತಿದ್ದ ನಮ್ಮ ದೊಡ್ಡಮ್ಮ ಕೇಳಿದರು: "ಅಲ್ಲ ಮಾರಾಯ, ಎಲ್ಲಿಂದ ಎಲ್ಲಿಗೆ?"

"ಬೆಂಗಳೂರಿಂದ ನಾಗಪುರಕ್ಕೆ, ಅಜ್ಜಿ."

"ನಾನು ಬೆಂಗಳೂರಲ್ಲಿ ಇದ್ದೇನ? ನನ್ನ ಮನೆ ಬಾಗಿಲಿಂದ ಹೇಳು."

ಎಲ್ಲರೂ ನಕ್ಕರು. ಆದರೆ ಹುಡುಗ ಲೆಕ್ಕ ಹಾಕಲೇಬೇಕಾಯಿತು. ದೊಡ್ಡಮ್ಮ ಇರುವ ತೋಟದ ಲೈನ್ ಮನೆಯಿಂದ ಬಸ್ಸಿನ ರಸ್ತೆಗೆ ನಡೆಯಲು ಇಪ್ಪತ್ತೈದು ನಿಮಿಷ. ಅಲ್ಲಿಂದ ಕೊಪ್ಪಕ್ಕೆ ಮುಕ್ಕಾಲು ಗಂಟೆ. ಕೊಪ್ಪದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಎಂಟು ಗಂಟೆ. ಊರೊಳಗಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದು ಗಂಟೆ ನಲವತ್ತು ನಿಮಿಷ. ಇಳಿದು, ಚೀಲ ತೆಗೆದುಕೊಂಡು, ದೀಕ್ಷಾಭೂಮಿ ಮುಟ್ಟಲು ಒಂದು ಗಂಟೆ. ಕೂಡಿಸಿದರೆ ಹದಿನೈದು ಗಂಟೆ ಇಪ್ಪತ್ತು ನಿಮಿಷ. ಅದರಲ್ಲಿ ಆಕಾಶದಲ್ಲಿ ಇರುವುದು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಉಳಿದ ಎಂಟು ಪಾಲು ನೆಲದ ಮೇಲಿನದ್ದು.

"ಶಿವಮೊಗ್ಗದಲ್ಲೇ ವಿಮಾನ ಹತ್ತಬಹುದು ಅಜ್ಜಿ" ಎಂದ. ನಿಜ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಎನ್.ಆರ್.ಪುರದವರಿಗಂತೂ ಅದು ಹತ್ತಿರ. "ಆಯ್ತು, ಅಲ್ಲಿಗೂ ಮೊದಲು ನಡೆದೇ ಬರಬೇಕಲ್ಲ" ಎಂದರು ದೊಡ್ಡಮ್ಮ.

ಅವರ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಎಲ್ಲಿಂದ ಎಲ್ಲಿಗೆ?

*ಲೆಕ್ಕ ಹೇಗೆ ಮಾಡುತ್ತಾರೆ?*

ವಿಮಾನದ ದೂರ ಎಂದರೆ ಎರಡು ವಿಮಾನ ನಿಲ್ದಾಣಗಳ ನಡುವಿನ ಅತಿ ಚಿಕ್ಕ ದಾರಿ. ಭೂಮಿ ಗುಂಡಗಿದೆ. ಒಂದು ಗೋಳದ ಮೇಲೆ ಎರಡು ಚುಕ್ಕಿ ಇಟ್ಟು, ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಎಲ್ಲಿ ಕೂರುತ್ತದೋ ಅದೇ ಆ ದಾರಿ. ದಾರಿಯಲ್ಲಿ ಘಟ್ಟವಿದೆಯೇ, ಹೊಳೆಯಿದೆಯೇ, ಯಾರ ಕೇರಿ ಇದೆ ಎಂಬುದು ಆ ದಾರಕ್ಕೆ ಬೇಕಿಲ್ಲ. ವಿಮಾನ ಗಂಟೆಗೆ ಸುಮಾರು 800 ಕಿಲೋಮೀಟರ್ ಹಾರುತ್ತದೆ. ಆ ಲೆಕ್ಕದಲ್ಲಿ 885 ಕಿಲೋಮೀಟರಿಗೆ ಒಂದು ಗಂಟೆ ಏಳು ನಿಮಿಷ ಸಾಕು. ನೆಲದ ಮೇಲೆ ಓಡುವುದು, ಏರುವುದು, ಸರದಿಗಾಗಿ ಕಾಯುವುದು, ಇಳಿಯುವುದು ಎಲ್ಲ ಸೇರಿ ನೂರು ನಿಮಿಷವಾಗುತ್ತದೆ.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಒಂದು ರನ್‌ವೇಯಿಂದ ಇನ್ನೊಂದು ರನ್‌ವೇಗೆ ಇರುವ ದೂರ. ಒಬ್ಬ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೆ ಇರುವ ದೂರ ಅದರಲ್ಲಿ ಬರುವುದಿಲ್ಲ. ನಮ್ಮ ಹಿರಿಯರಿಗೆ ಆ ಇನ್ನೊಂದು ದೂರ ಚೆನ್ನಾಗಿ ಗೊತ್ತಿತ್ತು. ಅಂಗಳದ ಯಾವ ಕಲ್ಲಿನವರೆಗೆ ಬರಬಹುದು, ಎಲ್ಲಿ ನಿಂತು ಕೂಗಬೇಕು, ತೆಂಗಿನ ಚಿಪ್ಪಿಗೆ ಕಾಫಿಯನ್ನು ಎಷ್ಟು ಎತ್ತರದಿಂದ ಸುರಿಯುತ್ತಾರೆ ಎಲ್ಲವೂ ಅವರಿಗೆ ಬಾಯಿಪಾಠ. ಆ ಅಳತೆಯನ್ನು ಯಾವ ಫೋನೂ ತೋರಿಸುವುದಿಲ್ಲ.

*ನನ್ನದೇ ಒಂದು ಪ್ರಯಾಣ*

ಇದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಪಂಚಶೀಲ ಹೇಳಿಕೊಡುವ ಜಾಗದಲ್ಲಿ ಕೂರುವವನು ಮುಚ್ಚಿಡಬಾರದು ಎನಿಸಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಬೆಂಗಳೂರಿನಿಂದ ದೆಹಲಿಗೆ ಹೋಗಬೇಕಾಯಿತು. ನನಗದು ಮೊದಲ ವಿಮಾನ. ಪಕ್ಕದ ಸೀಟಿನಲ್ಲಿ ಒಬ್ಬ ಹಿರಿಯರು. ಒಳ್ಳೆಯ ಮನುಷ್ಯ. ನನ್ನ ಕನ್ನಡ ಕೇಳಿ, "ಯಾವ ಊರು?" ಎಂದರು. "ಕೊಪ್ಪದ ಹತ್ತಿರ" ಎಂದೆ. "ಓ, ನಮ್ಮ ಕಡೆಯವರೇ! ಯಾವ ಮನೆ?"

ನಮ್ಮ ಮಲೆನಾಡಿನಲ್ಲಿ "ಯಾವ ಮನೆ" ಎಂದರೆ ಏನು ಕೇಳಿದ ಹಾಗೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಒಂದು ತೋಟದ ಹೆಸರು ಹೇಳಿದೆ. ಸುಳ್ಳಲ್ಲ. ನಾನು ಹುಟ್ಟಿದ್ದು ಅದೇ ತೋಟದಲ್ಲಿ. ಆದರೆ ಅಲ್ಲಿನ ಲೈನ್ ಮನೆಯಲ್ಲಿ. ನನ್ನ ಅಪ್ಪ ಆ ತೋಟದಲ್ಲಿ ಕಪ್ಪು ತೆಗೆದು, ಮರಗಸಿ ಮಾಡಿ ಬದುಕಿದವರು. ಪಕ್ಕದವರು ನನ್ನನ್ನು ತೋಟದ ಯಜಮಾನರ ಕಡೆಯವನೆಂದು ತಿಳಿದುಕೊಂಡರು. ಅದು ನನಗೆ ಗೊತ್ತಾಯಿತು. ತಿದ್ದಲಿಲ್ಲ. ಕಾಳುಮೆಣಸಿನ ರೇಟು, ಅಡಿಕೆಯ ಕೊಳೆರೋಗ, ಕೂಲಿಯವರು ಸಿಗದ ಕಷ್ಟ ಎಲ್ಲ ಮಾತಾಡಿದರು. ಕೂಲಿಯವರ ಬಗ್ಗೆ ಅವರು ಒಂದು ಮಾತು ಆಡಿದಾಗ ನಾನು ಕಿಟಕಿಯ ಕಡೆ ನೋಡಿದೆ. ಡಬ್ಬಿ ತೆರೆದು ಚಕ್ಕುಲಿ ಕೊಟ್ಟರು, ತಿಂದೆ.

ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿಲೋಮೀಟರ್. ಅಷ್ಟೂ ದೂರ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೆವು. ಇಳಿಯುವಾಗ ಅವರು ವಿಸಿಟಿಂಗ್ ಕಾರ್ಡ್ ಕೊಟ್ಟು, "ಊರಿಗೆ ಬಂದಾಗ ಮನೆಗೆ ಬನ್ನಿ" ಎಂದರು. ಅವರ ಮನೆ ನಮ್ಮ ಮನೆಯಿಂದ ಆರು ಕಿಲೋಮೀಟರ್. ನಾನು ಇದುವರೆಗೂ ಹೋಗಿಲ್ಲ. ಕಾರ್ಡ್ ಡೈರಿಯಲ್ಲೇ ಇದೆ.

ಇದು ಮುಸಾವಾದವೇ? ನಾಲ್ಕನೆಯ ಶೀಲ ಮುರಿಯಿತೇ? ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡುವುದಿಲ್ಲ ಎಂಬುದೂ ಒಂದು. ಬಾಯಿಯಿಂದ ಬಂದ ಒಂದೊಂದು ಪದವೂ ನಿಜವಾಗಿತ್ತು. ಆದರೂ ಕೇಳಿದವರ ಮನಸ್ಸಿನಲ್ಲಿ ಸುಳ್ಳು ಕೂತಿತು, ನಾನು ಅದನ್ನು ಕೂರಲು ಬಿಟ್ಟೆ. ಶೀಲ ಇರುವುದು ಪದಗಳನ್ನು ಕಾಪಾಡಲು ಅಲ್ಲ, ಮನುಷ್ಯರ ನಡುವಿನ ನಂಬಿಕೆಯನ್ನು ಕಾಪಾಡಲು. ಹಾಗೆ ನೋಡಿದರೆ ಶೀಲ ಮುರಿದಿದೆ.

ಆದರೆ ತಪ್ಪು ಪೂರ್ತಿ ನನ್ನದೇ ಎಂದು ಒಪ್ಪಲೂ ಮನಸ್ಸು ಬರುವುದಿಲ್ಲ. ಆ ಪ್ರಶ್ನೆ ಎಲ್ಲಿಂದ ಬಂತು? ಮೂವತ್ತು ಸಾವಿರ ಅಡಿ ಮೇಲೆಯೂ ಒಬ್ಬ ಮನುಷ್ಯನಿಗೆ ಇನ್ನೊಬ್ಬನ ಮನೆ ಯಾವುದು ಎಂದು ತಿಳಿಯಲೇಬೇಕೆನ್ನಿಸಿತಲ್ಲ, ಅವರೂ ನೆಲ ಬಿಟ್ಟಿರಲಿಲ್ಲ. ನಾನೂ ಬಿಟ್ಟಿರಲಿಲ್ಲ.

*ಬರೋಡ ಸ್ಟೇಷನ್*

ಬಾಬಾಸಾಹೇಬರ ಜೀವನದಲ್ಲೂ ಇಂಥದ್ದೇ ಒಂದು ಘಟನೆ ಇದೆ. ಅದನ್ನು ಅವರೇ ಬರೆದಿಟ್ಟಿದ್ದಾರೆ.

ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಓದಿ, ಸಮುದ್ರ ದಾಟಿ ಬಂದು, 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಹೋದರು. ಹೊರದೇಶದಲ್ಲಿದ್ದ ವರ್ಷಗಳಲ್ಲಿ ತಾವು ಅಸ್ಪೃಶ್ಯ ಎಂಬ ನೆನಪೇ ಅಳಿಸಿಹೋಗಿತ್ತು ಎಂದು ಅವರು ಹೇಳಿಕೊಳ್ಳುತ್ತಾರೆ. ಬರೋಡದಲ್ಲಿ ಇಳಿದಾಗ ಒಂದೇ ಪ್ರಶ್ನೆ ಎದುರಿಗೆ ನಿಂತಿತು: ಎಲ್ಲಿಗೆ ಹೋಗುವುದು? ಯಾರು ಇರಲು ಜಾಗ ಕೊಡುತ್ತಾರೆ? ಸಾವಿರಾರು ಮೈಲಿ ಸಮುದ್ರ ದಾಟಿದವರಿಗೆ ಸ್ಟೇಷನ್ನಿನಿಂದ ಒಂದು ಕೋಣೆಯವರೆಗಿನ ದಾರಿ ದಾಟಲು ಆಗಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದುಕೊಂಡರು. ಹನ್ನೊಂದನೆಯ ದಿನ ಕೋಲು ಹಿಡಿದ ಜನ ಬಂದು ಅವರನ್ನು ಹೊರಗೆ ಹಾಕಿದರು.

ಬಾಬಾಸಾಹೇಬರೂ ಒಮ್ಮೆ ಹೆಸರು ಮರೆಸಬೇಕಾಯಿತು ಎಂದು ಓದಿದಾಗ ನನಗೆ ಮೊದಲು ಸಮಾಧಾನವಾಯಿತು. ಆಮೇಲೆ ಆ ಸಮಾಧಾನದ ಮೇಲೆಯೇ ಅನುಮಾನ ಬಂತು. ಅವರಿಗೆ ತಲೆ ಮೇಲೆ ಸೂರಿರಲಿಲ್ಲ. ನನಗೆ ಸೀಟು ಇತ್ತು, ಟಿಕೆಟ್ ಇತ್ತು, ವಿಮಾನದಿಂದ ಯಾರೂ ನನ್ನನ್ನು ಇಳಿಸುತ್ತಿರಲಿಲ್ಲ. ಅವರು ಮರೆಸಿದ್ದು ವಸತಿಗಾಗಿ. ನಾನು ಮರೆಸಿದ್ದು ಒಂದು ಚಕ್ಕುಲಿಗಾಗಿ, ಎರಡೂಮುಕ್ಕಾಲು ಗಂಟೆಯ ಮರ್ಯಾದೆಗಾಗಿ. ಇನ್ನೊಂದು ವ್ಯತ್ಯಾಸವೂ ಇದೆ. ಅವರು ಅದನ್ನು ಮುಂದೆ ಲೋಕಕ್ಕೆಲ್ಲ ಕಾಣುವಂತೆ ಬರೆದಿಟ್ಟರು. ನಾನು ಈವರೆಗೆ ಹೆಂಡತಿಗೂ ಹೇಳಿರಲಿಲ್ಲ.

ಆದ್ದರಿಂದ ಬಾಡಿಗೆ ಮನೆಗಾಗಿ, ಮಕ್ಕಳ ಹಾಸ್ಟೆಲ್‌ಗಾಗಿ ಹೆಸರಿನ ಅರ್ಧ ನುಂಗಿಕೊಳ್ಳುವ ನಮ್ಮವರ ಮೇಲೆ ಯಾರೂ ಬೆರಳು ತೋರಿಸುವುದು ಬೇಡ. ಅವರವರ ಸಂಕಟ ಅವರವರಿಗೆ ಗೊತ್ತು. ಆದರೆ ಸಂಕಟ ಇಲ್ಲದಾಗಲೂ ಮರೆಸುತ್ತಿದ್ದೇನೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬಹುದು.

*ಇಪ್ಪತ್ತೊಂದು ವರ್ಷ, ಒಂದು ದಿನ*

1935ರ ಅಕ್ಟೋಬರ್ 13ರಂದು ನಾಸಿಕ್ ಜಿಲ್ಲೆಯ ಯೇವಲಾದಲ್ಲಿ ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದರು. ಯೇವಲಾದಿಂದ ನಾಗಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 500 ಕಿಲೋಮೀಟರ್. ಇಂದಿನ ವಿಮಾನಕ್ಕೆ ಒಂದು ಗಂಟೆಯ ದಾರಿ. ಬಾಬಾಸಾಹೇಬರಿಗೆ ಹಿಡಿದದ್ದು ಇಪ್ಪತ್ತೊಂದು ವರ್ಷ, ಒಂದು ದಿನ.

ವಾಹನ ಇರಲಿಲ್ಲವೆಂದೇ? ದೀಕ್ಷೆಗೆ ಮೂರು ದಿನ ಮೊದಲು, ಅಕ್ಟೋಬರ್ 11ರಂದು, ಅವರು ದೆಹಲಿಯಿಂದ ನಾಗಪುರಕ್ಕೆ ಬಂದದ್ದು ವಿಮಾನದಲ್ಲೇ. ಸಮಯ ಹಿಡಿದದ್ದು ಬೇರೆ ಕಾರಣಕ್ಕೆ. ಒಂದೊಂದು ಧರ್ಮವನ್ನೂ ಓದಿ, ಪ್ರಶ್ನೆ ಮಾಡಿ, ತೂಗಿ ನೋಡಿದರು. ನಡುವೆ ಸಂವಿಧಾನದ ಕೆಲಸ. ದೇಹಕ್ಕೆ ಕಾಯಿಲೆ. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಒಬ್ಬರೇ ತಲುಪಿದರೆ ಸಾಲದಾಗಿತ್ತು. ಲಕ್ಷಾಂತರ ಜನ ಜೊತೆಗೆ ಬರಬೇಕಿತ್ತು. ಒಬ್ಬರೇ ಹೋಗುವುದಾದರೆ 1936ರಲ್ಲೇ ಹೋಗಬಹುದಿತ್ತು. ಎಲ್ಲರನ್ನೂ ಕರೆದುಕೊಂಡು ಹೋಗುವವರ ವೇಗವೇ ಬೇರೆ.

ದೀಕ್ಷೆಯಾಗಿ ಐವತ್ತಮೂರನೆಯ ದಿನ, ಡಿಸೆಂಬರ್ 6ರಂದು, ದೆಹಲಿಯಲ್ಲಿ ಅವರ ಪರಿನಿಬ್ಬಾಣ. ಅವರ ದೇಹವನ್ನು ವಿಮಾನದಲ್ಲಿ ಮುಂಬಯಿಗೆ ತಂದರು. ಬರೋಡದಲ್ಲಿ ಹೆಸರು ಮರೆಸಿದ್ದ ಯುವಕ ತನ್ನ ಹೆಸರಿನಲ್ಲೇ, ಲಕ್ಷಾಂತರ ಜನರ ಕಣ್ಣೆದುರು, ದಾದರ್‌ನ ಕಡಲ ತೀರದಲ್ಲಿ ಬೆಂಕಿಗೆ ಸೇರಿದರು. 1917ರಿಂದ 1956. ಮುಚ್ಚಿಟ್ಟ ಹೆಸರಿನಿಂದ ಎತ್ತಿ ಹೇಳುವ ಹೆಸರಿನವರೆಗೆ ಮೂವತ್ತೊಂಬತ್ತು ವರ್ಷದ ದಾರಿ. ನಾವು ಅಳೆಯಬೇಕಾದ ದೂರ ಇದು.

*ರೋಹಿತಸ್ಸನ ಕಥೆ*

ಅಂಗುತ್ತರ ನಿಕಾಯದಲ್ಲಿ ರೋಹಿತಸ್ಸ ಎಂಬವನ ಕಥೆ ಬರುತ್ತದೆ. ಸಾವತ್ಥಿಯ ಜೇತವನದಲ್ಲಿ ಅವನು ಬುದ್ಧರನ್ನು ಕೇಳುತ್ತಾನೆ: ಹುಟ್ಟು ಸಾವು ಇಲ್ಲದ ಲೋಕದ ತುದಿಯನ್ನು ಹೋಗಿ ಮುಟ್ಟಬಹುದೇ? ಆಗದು ಎನ್ನುತ್ತಾರೆ ಬುದ್ಧರು. ರೋಹಿತಸ್ಸ ಒಪ್ಪಿಕೊಳ್ಳುತ್ತಾನೆ. ಹಿಂದೆ ತಾನು ಆಕಾಶದಲ್ಲಿ ಹಾರುವ ಋಷಿಯಾಗಿದ್ದೆ, ಬಿಲ್ಲುಗಾರನ ಬಾಣ ತಾಳೆಮರದ ನೆರಳನ್ನು ದಾಟುವಷ್ಟು ವೇಗ ತನಗಿತ್ತು, ಒಂದೊಂದು ಹೆಜ್ಜೆಗೂ ಒಂದು ಕಡಲಿನಿಂದ ಇನ್ನೊಂದು ಕಡಲು ದಾಟುತ್ತಿದ್ದೆ, ಹಾಗೆ ನೂರು ವರ್ಷ ಹೋದರೂ ತುದಿ ಸಿಗದೆ ದಾರಿಯಲ್ಲೇ ಸತ್ತೆ ಎನ್ನುತ್ತಾನೆ. ಆಗ ಬುದ್ಧರು ಹೇಳುವುದು ಇದು: ನಡೆದು ಆ ತುದಿಯನ್ನು ಮುಟ್ಟಲಾಗದು, ಆದರೆ ಮುಟ್ಟದೆ ದುಃಖ ಮುಗಿಯುವುದೂ ಇಲ್ಲ. ಮಾರುದ್ದದ ಈ ದೇಹ, ಮನಸ್ಸುಗಳಲ್ಲೇ ಲೋಕವಿದೆ, ಅದರ ಹುಟ್ಟಿದೆ, ಕೊನೆಯಿದೆ, ಕೊನೆಯ ದಾರಿಯೂ ಇದೆ.

ಹಿಂದಿನ ಜನ್ಮ, ಹಾರುವ ಋಷಿ ಇವೆಲ್ಲ ಕಥೆಯ ಉಡುಗೆ. ಬಾಬಾಸಾಹೇಬರು ಕಲಿಸಿದ ಹಾಗೆ ಬುದ್ಧಿಗೆ ಒಪ್ಪುವ ತಿರುಳನ್ನು ತೆಗೆದುಕೊಳ್ಳೋಣ. ವೇಗ ಹೆಚ್ಚಿದ ಮಾತ್ರಕ್ಕೆ ದುಃಖದಿಂದ ದೂರ ಹೋದಂತಾಗುವುದಿಲ್ಲ. ದುಃಖವೂ ಅದೇ ಸೀಟಿನಲ್ಲಿ ನಮ್ಮ ಜೊತೆ ಹಾರುತ್ತದೆ.

ಇಲ್ಲಿ ಎರಡು ಎಚ್ಚರ ಬೇಕು.

ಒಂದು, ಎಲ್ಲವೂ ಮನಸ್ಸಿನಲ್ಲೇ ಇದೆ, ಮನಸ್ಸು ಸರಿಮಾಡಿಕೋ ಸಾಕು ಎಂದು ಯಾರಾದರೂ ಹೇಳಿದರೆ ಅದು ಅರ್ಧ ಧಮ್ಮ. ಚಿಪ್ಪಿನಲ್ಲಿ ಕಾಫಿ ಕುಡಿದವರ ಮನಸ್ಸಿನಲ್ಲಿ ತಪ್ಪಿರಲಿಲ್ಲ. ಒಬ್ಬನೇ ಇದ್ದರೆ ಧಮ್ಮ ಬೇಕಿಲ್ಲ, ಇಬ್ಬರಿದ್ದಾಗಲೇ ಅದು ಬೇಕು ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು ಬರೆದಿದ್ದಾರೆ. ಲೋಕದ ತುದಿ ನನ್ನೊಳಗೂ ಇದೆ, ಪಕ್ಕದ ಸೀಟಿನವರೊಳಗೂ ಇದೆ. ನಡೆಯಬೇಕಾದವರು ಇಬ್ಬರೂ.

ಎರಡು, ವಿಮಾನ, ಬಸ್ಸು, ರಸ್ತೆ ಬೇಡ ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿ, ಹೆರಿಗೆಗೆ ಹೊರಟ ಹೆಣ್ಣುಮಗಳು ದಾರಿಯಲ್ಲಿ ಒದ್ದಾಡಿದ್ದನ್ನು ಕಂಡವರು ನಾವು. ಹಳ್ಳಿಯನ್ನು ಹಾಡಿ ಹೊಗಳುವವರಿಗೆ ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ 1948ರಲ್ಲೇ ಖಾರವಾಗಿ ಉತ್ತರ ಕೊಟ್ಟಿದ್ದರು. ಟಿಕೆಟ್ಟಿನ ಮೇಲೆ ಸೀಟಿನ ನಂಬರ್ ಇರುತ್ತದೆ, ಮನೆಯ ಹೆಸರು ಇರುವುದಿಲ್ಲ. ಅದು ಸಣ್ಣ ವಿಷಯವಲ್ಲ. ನಮ್ಮ ಮಕ್ಕಳು ಹಾರಲಿ, ಕಿಟಕಿಯ ಪಕ್ಕವೇ ಕೂರಲಿ. ಹಾರಿದ್ದನ್ನೇ ತಲುಪಿದ್ದು ಎಂದು ಮಾತ್ರ ತಿಳಿಯದಿರಲಿ.

*ತೋಡಿನ ಆಚೆ*

ಆ ಭಾನುವಾರ ದೊಡ್ಡಮ್ಮ ಇನ್ನೊಂದು ಮಾತು ಕೇಳಿದರು. ಅದನ್ನು ಹೇಳದೆ ಮುಗಿಸಿದರೆ ಮತ್ತೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ.

"ನಾಗಪುರ ಇರಲಿ. ನಮ್ಮ ತೋಡು ದಾಟಿದರೆ ಆ ಹಸಲರ ಮನೆಗಳಿವೆಯಲ್ಲ, ಅಲ್ಲಿಗೆ ಎಷ್ಟು ದೂರ?"

ಹುಡುಗ ಫೋನ್ ನೋಡಲಿಲ್ಲ. "ಹತ್ತು ನಿಮಿಷ ಅಜ್ಜಿ" ಎಂದ.

"ನಿಮ್ಮ ಸಂಘದವರು ಯಾರಾದರೂ ಹೋಗಿದ್ದೀರಾ? ಅಲ್ಲಿ ಒಂದು ಲೋಟ ನೀರು ಕುಡಿದಿದ್ದೀರಾ?"

ಯಾರೂ ಮಾತಾಡಲಿಲ್ಲ. ದೀಕ್ಷೆ ತೆಗೆದುಕೊಂಡು ಇಷ್ಟು ವರ್ಷವಾಯಿತು. ಎಲ್ಲ ಮನುಷ್ಯರೂ ಸಮಾನರು ಎಂದು ಪ್ರತಿಜ್ಞೆ ಮಾಡಿದ್ದೇವೆ. ಆದರೂ ಮದುವೆಯ ಮಾತು ಬಂದಾಗ ಬಲಗೈ, ಎಡಗೈ ಎಂದು ಪಿಸುಗುಟ್ಟುವುದು ನಮ್ಮಲ್ಲಿ ನಿಂತಿಲ್ಲ. ನನ್ನ ಪಕ್ಕದ ಸೀಟಿನವರು "ಯಾವ ಮನೆ?" ಎಂದು ಕೇಳಿದ್ದಕ್ಕೆ ನನಗೆ ನೋವಾಯಿತು. ಹೋದ ವರ್ಷ ಸಂಬಂಧ ನೋಡುವಾಗ ನಾನೇ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದ್ದೆ. ಓದಿದವರು ಸಮಾಜವನ್ನು ಕೈಬಿಟ್ಟರು ಎಂದು ಬಾಬಾಸಾಹೇಬರು 1956ರ ಮಾರ್ಚ್‌ನಲ್ಲಿ ಆಗ್ರಾದಲ್ಲಿ ನೊಂದು ಹೇಳಿದ ಮಾತು ನಾಗಪುರದ ಬಸ್ಸು ಹತ್ತುವವರಿಗೂ ಅನ್ವಯಿಸುತ್ತದೆ, ವಿಮಾನ ಹತ್ತುವವರಿಗೂ ಅನ್ವಯಿಸುತ್ತದೆ.

ನಾಗಪುರಕ್ಕೆ ಹೋಗೋಣ. ದೊಡ್ಡಮ್ಮನನ್ನೂ ಕರೆದುಕೊಂಡು ಹೋಗೋಣ, ವಿಮಾನದಲ್ಲೇ. ಅದಕ್ಕೆ ಈಗಲೇ ತಿಂಗಳಿಗಿಷ್ಟು ಎಂದು ಹಣ ಕೂಡಿಸಲು ಶುರು ಮಾಡಿದ್ದೇವೆ. ಆದರೆ ಅದಕ್ಕೆ ಮೊದಲು, ಬರುವ ಭಾನುವಾರದ ಅಧ್ಯಯನ ತೋಡಿನ ಆಚೆಗೆ. ಅಲ್ಲಿಯವರನ್ನು ಕೇಳಿ ಆಗಿದೆ, ಬನ್ನಿ ಎಂದಿದ್ದಾರೆ. ಪಾಠ ಹೇಳಲು ಅಲ್ಲ, ಅವರ ಜೊತೆ ಕೂತು ಮಾತಾಡಲು. ಅವರು ಏನು ಕೊಟ್ಟರೂ ತಿನ್ನೋಣ. ಸಂಕ ಹಳೆಯದು, ಹಿರಿಯರ ಕೈ ಹಿಡಿದುಕೊಳ್ಳಿ.

ಆ ಆರು ಕಿಲೋಮೀಟರ್ ದೂರದ ಮನೆಗೂ ಒಂದು ದಿನ ಹೋಗಬೇಕೆಂದಿದ್ದೇನೆ. ಹೋದರೆ ಮೊದಲು ಅಪ್ಪನ ಹೆಸರು ಹೇಳುತ್ತೇನೆ, ಆಮೇಲೆ ನಾವಿದ್ದ ಲೈನ್ ಮನೆಯ ವಿಷಯ ಹೇಳುತ್ತೇನೆ. ಅವರು ಮತ್ತೆ ಚಕ್ಕುಲಿ ಕೊಡುತ್ತಾರೋ ಇಲ್ಲವೋ ಅದು ಅವರು ನಡೆಯಬೇಕಾದ ದಾರಿ. ಬಾಗಿಲವರೆಗೆ ಹೋಗುವುದು ನನ್ನದು. ಹೋಗಿ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.

*ಇಂದಿನ ಅಭ್ಯಾಸ:* ನಿಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದೂ ನೀವು ಇದುವರೆಗೆ ಹೋಗದ ಒಂದು ಮನೆಯನ್ನು ನೆನಪಿಸಿಕೊಳ್ಳಿ. ಏಕೆ ಹೋಗಿಲ್ಲ ಎಂದು ಐದು ನಿಮಿಷ ಸುಮ್ಮನೆ ಕೂತು ಯೋಚಿಸಿ. ಸಾಧ್ಯವಾದರೆ ಈ ವಾರವೇ ಹೋಗಿ ಬನ್ನಿ.

ಭವತು ಸಬ್ಬ ಮಂಗಲಂ.
ಸಾಧು! ಸಾಧು! ಸಾಧು! 🙏
ಜೈ ಭೀಮ್